ಹಸಿರು ಎಲೆ, ಹಸಿರು ಬಲೆ

ಕಾಡಿನ ಅಂಚಿನಲ್ಲಿ ಹಸಿರು ಬಲೆ ಹೊದಿಸಿ ನಿಲ್ಲಿಸಿದ ಸೇನಾ ಲಾರಿ ಮೇಲಿನಿಂದ ನೋಡಿದವರಿಗೆ ಪೊದೆಯಂತೆಯೇ ಕಾಣುತ್ತದೆ. ಆದರೆ ಜೀವಂತ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಧಾರಾಳವಾಗಿ ಪ್ರತಿಫಲಿಸುತ್ತದೆ. ಬಣ್ಣ ಬಳಿದ ಬಲೆಗೆ ಆ ವೇಷ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಬೆಳಕನ್ನು ಎಳೆಎಳೆಯಾಗಿ ಬಿಡಿಸಿ ನೋಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಕಳ್ಳನನ್ನು ಹಿಡಿಯುವುದು ಅಲ್ಲೇ. ಅದೇ ಕ್ಯಾಮೆರಾ ಹೊಲದ ಮೇಲೆ ಹಾದುಹೋದರೆ ಪೈರಿಗೆ ತಗುಲಿದ ರೋಗದ ಸುಳಿವು ಕೊಡುತ್ತದೆ.

ಯಂತ್ರ ಒಂದೇ, ಗಿರಾಕಿಗಳು ಇಬ್ಬರು.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್, ಗೆಳೆಯ ಕ್ಷಿತಿಜ್ ಖಂಡೇಲ್ವಾಲ್ ಜೊತೆಗೂಡಿ 2019ರಲ್ಲಿ ಕಟ್ಟಿದ ಬೆಂಗಳೂರಿನ ಪಿಕ್ಸೆಲ್ ಕಂಪನಿ ಇಂಥ ಕ್ಯಾಮೆರಾಗಳ ಉಪಗ್ರಹ ಮಾಡುತ್ತದೆ. 2024ರ ಜೂನ್‌ನಲ್ಲಿ, 150 ಕೆ.ಜಿ.ವರೆಗಿನ ಉಪಕರಣ ಹೊರುವ ಪುಟ್ಟ ಉಪಗ್ರಹ ರೂಪಿಸಲು ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆ ಇದೇ ಕಂಪನಿಯೊಡನೆ ಸಹಿ ಹಾಕಿತು. ಅದು ಐಡೆಕ್ಸ್‌ನ 350ನೇ ಒಪ್ಪಂದ.

2018ರಲ್ಲಿ ಶುರುವಾದ ಐಡೆಕ್ಸ್‌ನ ಕ್ರಮ ಸರಳ. ಸೇನೆ ತನ್ನ ತೊಡಕನ್ನು ಸವಾಲಾಗಿ ಮುಂದಿಡುತ್ತದೆ, ಸ್ಟಾರ್ಟ್‌ಅಪ್‌ಗಳು ಉತ್ತರ ಹೊತ್ತು ಬರುತ್ತವೆ. ಗೆದ್ದವರಿಗೆ 1.5 ಕೋಟಿ ರೂಪಾಯಿವರೆಗೆ ಅನುದಾನ. ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ, 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ. ಪುಕ್ಕಟೆ ದುಡ್ಡೇನಲ್ಲ. ಕಂಪನಿಯೂ ತನ್ನ ಪಾಲು ಹಾಕಬೇಕು, ಹಂತ ಮುಗಿದಂತೆ ಕಂತು ಕೈಸೇರುತ್ತದೆ.

ಹಾಗಿದ್ದರೂ ಸಣ್ಣ ಕಂಪನಿ ಬಸವಳಿಯುವುದು ಪರೀಕ್ಷೆಯ ಬಾಗಿಲಲ್ಲಿ. ಸೇನೆಗೆ ಹೋಗುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಜೆಎಸ್‌ಎಸ್ 55555 ಎಂಬ ಮಾನದಂಡ ದಾಟಬೇಕು: ಬಿಸಿಲು, ಚಳಿ, ಕುಲುಕಾಟ, ಧೂಳು, ಉಪ್ಪುಗಾಳಿ. ಇವನ್ನೆಲ್ಲ ಕೃತಕವಾಗಿ ಸೃಷ್ಟಿಸುವ ಯಂತ್ರಗಳು ಹತ್ತು ಜನರ ಕಂಪನಿಯ ಕೈಗೆಟುಕುವಂಥವಲ್ಲ. ಇದಕ್ಕೆಂದೇ ಕೇಂದ್ರ ಸರ್ಕಾರ 2020ರಲ್ಲಿ 400 ಕೋಟಿ ರೂಪಾಯಿಯ ಪರೀಕ್ಷಾ ಕೇಂದ್ರಗಳ ಯೋಜನೆ ತಂದಿತು. ಖರ್ಚಿನಲ್ಲಿ ಶೇ 75ರವರೆಗೆ ಸರ್ಕಾರದ್ದು. ಪರೀಕ್ಷಾ ಕೇಂದ್ರಗಳು ಮಾತ್ರ ತಮಿಳುನಾಡು ಮತ್ತು ಉತ್ತರ ಪ್ರದೇಶದ ರಕ್ಷಣಾ ಕಾರಿಡಾರ್‌ಗಳ ಪಾಲಾದವು. ತಮಿಳುನಾಡಿನ ಎಲೆಕ್ಟ್ರಾನಿಕ್ ಯುದ್ಧ ಪರೀಕ್ಷಾ ಕೇಂದ್ರದ ನೇತೃತ್ವ ನಮ್ಮ ಬೆಂಗಳೂರಿನ ಬಿಇಎಲ್‌ನದು ಎಂಬುದು ಸ್ವಾರಸ್ಯ!

ಕರ್ನಾಟಕದಲ್ಲಿ ಇರುವುದು ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ. ಕುರಿ, ದನ ಮೇಯುತ್ತಿದ್ದ ಕಾವಲಿನಲ್ಲಿ, ಊರವರ ವಿರೋಧದ ನಡುವೆಯೇ ಎದ್ದ ರನ್‌ವೇ ಅದು. ಮುಂದೆ ತಪಸ್ ಎನಿಸಿಕೊಂಡ ಡ್ರೋನ್ 2016ರ ನವೆಂಬರ್‌ನಲ್ಲಿ ಮೊದಲು ಹಾರಿದ್ದು ಅಲ್ಲೇ. 2023ರ ಆಗಸ್ಟ್‌ನಲ್ಲಿ ತಪಸ್ ಒಂದು ಹಿರಿಯೂರು ತಾಲ್ಲೂಕಿನ ಹೊಲಕ್ಕೆ ಬಿತ್ತು. ಪರೀಕ್ಷೆ ಎಂದರೆ ಬೀಳುವುದೂ ಸೇರಿದಂತೆಯೇ. ದೊಡ್ಡ ಸಂಸ್ಥೆ ಇನ್ನೊಂದು ಕಟ್ಟಿಕೊಳ್ಳುತ್ತದೆ, ಸ್ಟಾರ್ಟ್‌ಅಪ್‌ಗೆ ಇರುವುದೇ ಒಂದು. ಅಂಥವರಿಗೆ ಅನುದಾನದ ಚೆಕ್ಕಿಗಿಂತ ಮೊದಲು ಬೇಕಿರುವುದು ರನ್‌ವೇಯಲ್ಲಿ ಒಂದು ಪಾಳಿ, ಪಾಸಾದ ಮೇಲೆ ತಡವಿಲ್ಲದ ಒಂದು ಆರ್ಡರ್.