ಮಲೆನಾಡಿನ ನೀರು ಕುಡಿದರೆ ಚಳಿಜ್ವರ ಬರುತ್ತದೆಯೇ?

ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಹೊಸದಾಗಿ ಬಂದವರಿಗೆ ಚಳಿಜ್ವರ ಬಂದರೆ "ಇಲ್ಲಿನ ನೀರು ಒಗ್ಗಲಿಲ್ಲ" ಎನ್ನುವುದುಂಟು. ಇದು ನಿಜವೇ?

ನೀರಿಗೂ ಮಲೇರಿಯಾಕ್ಕೂ ನಂಟಿದೆ, ಆದರೆ ಕುಡಿಯುವುದರಿಂದಲ್ಲ. ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಅದು ಮೊಟ್ಟೆ ಇಡುವುದು ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳ ಅಂಚಿನಲ್ಲಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ.

ರಕ್ತಕಣದೊಳಗೆ ಹೇಗೆ ನುಗ್ಗುತ್ತದೆ?

ನಮ್ಮಲ್ಲಿ ಸಾಮಾನ್ಯವಾದ ಮಲೇರಿಯಾ ರೋಗಾಣುಗಳಲ್ಲಿ ಒಂದು ಪ್ಲಾಸ್ಮೋಡಿಯಂ ವೈವಾಕ್ಸ್. ಸೊಳ್ಳೆ ಕಚ್ಚಿದಾಗ ಒಳಬಂದ ಈ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಬೆಳೆದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣದ ಬಾಗಿಲು ತೆರೆಯಲು ಅದು ಬಳಸುವುದು ನಮ್ಮದೇ ಪ್ರೋಟೀನುಗಳನ್ನು.

ಒಂದು, ಡಫಿ ಪ್ರೋಟೀನ್. ಉರಿಯೂತದ ಸಂಕೇತಗಳನ್ನು ಹಿಡಿಯುವುದು ಇದರ ಕೆಲಸ. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ರಕ್ತಕಣಗಳ ಮೇಲೆ ಇದಿಲ್ಲ. ಅಲ್ಲಿ ವೈವಾಕ್ಸ್ ಬಹಳ ಅಪರೂಪ. ಭಾರತೀಯರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ.

ಎರಡು, ಟ್ರಾನ್ಸ್‌ಫೆರಿನ್ ಗ್ರಾಹಕ. ಹಿಮೋಗ್ಲೋಬಿನ್ ತಯಾರಿಸಲು ಎಳೆಯ ರಕ್ತಕಣಗಳು ಕಬ್ಬಿಣವನ್ನು ಒಳಗೆಳೆದುಕೊಳ್ಳುವುದು ಇದರಿಂದ. ಕಣ ಬಲಿತ ಮೇಲೆ ಇದು ಉಳಿಯುವುದಿಲ್ಲ. ವೈವಾಕ್ಸ್ ಎಳೆಯ ಕಣಗಳನ್ನೇ ಹುಡುಕಿ ಹೋಗುವ ಗುಟ್ಟು ಇದೇ ಎಂದು 2018ರ ಸಂಶೋಧನೆ ತೋರಿಸಿತು.

ಹಿಡಿತ ಸಿಕ್ಕ ಮೇಲೆ ರೋಗಾಣು ತನ್ನದೇ ಒಂದು ಪ್ರೋಟೀನನ್ನು ನಮ್ಮ ಕಣದ ಪೊರೆಗೆ ಸೇರಿಸಿ, ಅದನ್ನೇ ಹಿಡಿದುಕೊಂಡು ಒಳಗೆ ಜಾರುತ್ತದೆ. ಒಳಗೆ ಸುಮಾರು 48 ಗಂಟೆ ಬೆಳೆದು ಕಣವನ್ನು ಒಡೆದು ಹೊರಬರುತ್ತದೆ. ದಿನ ಬಿಟ್ಟು ದಿನ ಚಳಿ ನಡುಕ ಬರುವುದು ಅದಕ್ಕೇ.

ಜ್ವರ ಬಿಟ್ಟರೆ ರೋಗ ಹೋಯಿತೇ?

ಇಲ್ಲ. ಕೆಲವು ವೈವಾಕ್ಸ್ ರೋಗಾಣುಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತವೆ. ದೂರದ ರಾಜ್ಯದಲ್ಲಿ ಸೊಳ್ಳೆ ಕಚ್ಚಿಸಿಕೊಂಡವರಿಗೆ ಇಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಜ್ವರ ಬರಬಹುದು. ಆಗಲೂ ಬೈಗುಳ ಇಲ್ಲಿನ ನೀರಿಗೇ!

ರಕ್ತದಲ್ಲಿರುವ ರೋಗಾಣುವನ್ನು ಕ್ಲೋರೋಕ್ವಿನ್ ಕೊಲ್ಲುತ್ತದೆ. ಯಕೃತ್ತಿನಲ್ಲಿ ಮಲಗಿದ್ದನ್ನು ಕೊಲ್ಲಲು ಪ್ರಿಮಾಕ್ವಿನ್ ಬೇಕು, 14 ದಿನ. ಮೂರನೇ ದಿನಕ್ಕೆ ಹುಷಾರಾಯಿತೆಂದು ಮಾತ್ರೆ ಬಿಟ್ಟರೆ ಜ್ವರ ಮರಳಬಹುದು. ಗರ್ಭಿಣಿಯರು, ಹಸುಗೂಸುಗಳು ಮತ್ತು ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಪ್ರಿಮಾಕ್ವಿನ್ ಅಪಾಯ; ವೈದ್ಯರನ್ನು ಕೇಳದೆ ನುಂಗಬಾರದು.

ಚಳಿಜ್ವರ ಬಂದರೆ ನೀರನ್ನು ದೂರುತ್ತಾ ಕೂರಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.