ಮಗನ ನೋಟ್‌ಬುಕ್‌ನಲ್ಲಿ ನಮ್ಮ ಮನೆಯ ಮಾತು

"ಆಪಾ, ಇವನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ರಾತ್ರಿ ಹನ್ನೆರಡಾದರೂ ಹೊದಿಕೆಯೊಳಗೆ ಮೊಬೈಲ್ ಹಿಡಿದುಕೊಂಡು ಏನೇನೋ ಗೊಣಗುತ್ತಿರುತ್ತಾನೆ. ನನಗಂತೂ ಹೆದರಿಕೆಯಾಗಿದೆ."

ಹೊಳಲ್ಕೆರೆಯಲ್ಲಿರುವ ನನ್ನ ಭಾಭಿ ಹೀಗೆನ್ನುತ್ತಾ ಒಂದು ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. ಮಗ ದ್ವಿತೀಯ ಪಿಯುಸಿ. ದಿನಾ ಬಸ್ಸಿನಲ್ಲಿ ಚಿತ್ರದುರ್ಗದ ಕಾಲೇಜಿಗೆ ಹೋಗಿಬರುತ್ತಾನೆ. ಆ ತಾಯಿಯ ಮನಸ್ಸಿನಲ್ಲಿ ಏನೇನು ಸಂಶಯಗಳು ಓಡಿರಬಹುದೆಂದು ಹದಿಹರೆಯದ ಮಕ್ಕಳಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಕೇಳದೆ ಇನ್ನೊಬ್ಬರ ಪುಸ್ತಕ ಓದುವುದು ತಪ್ಪು. ಆದರೂ ಓದಿದೆ.

ಪ್ರೇಮಪತ್ರವೇನೂ ಇರಲಿಲ್ಲ. ಪುಟ ತುಂಬಾ ಪ್ರಾಸದ ಸಾಲುಗಳು. ಅಕ್ಷರ ಕನ್ನಡ, ಭಾಷೆ ನಮ್ಮ ಮನೆಯ ದಖನಿ. ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿದವನು, ಉರ್ದು ಲಿಪಿ ಅಷ್ಟಕ್ಕಷ್ಟೆ. ಒಂದು ಪುಟದಲ್ಲಿ ಬೆಳಗ್ಗಿನ ಬಸ್ಸಿನ ನೂಕುನುಗ್ಗಲು, ಇನ್ನೊಂದರಲ್ಲಿ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳು. ಮತ್ತೊಂದು ಪುಟದಲ್ಲಿ ಅವನ ದಾದಿ, ಅಂದರೆ ನನ್ನ ಅಮ್ಮಿ, ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಒಂದು ಗಾದೆ. ಅವರು ತೀರಿಹೋಗಿ ನಾಲ್ಕು ವರ್ಷ. ಅದನ್ನು ಓದುವಾಗ ನನ್ನ ಕಣ್ಣು ತುಂಬಿತು.

ಹುಡುಗನನ್ನು ಕರೆದು ಕೇಳಿದೆ. "ಫುಫೂ, ಇದು ರ‍್ಯಾಪ್" ಎಂದ. ಹಿರಿಯೂರಿನ ಒಬ್ಬ, ಹೊಸದುರ್ಗದ ಇಬ್ಬರು ಸಹಪಾಠಿಗಳು ಸೇರಿ ಒಂದು ತಂಡ. ಈಗ ಇವನಿಗೆ ಒಬ್ಬನೇ ಒಂದು ಆಲ್ಬಮ್ ಮಾಡುವ ಆಸೆ. ಹೊದಿಕೆ ಯಾಕೆಂದರೆ, ಅದರೊಳಗೆ ರೆಕಾರ್ಡ್ ಮಾಡಿದರೆ ಗೋಡೆಯ ಪ್ರತಿಧ್ವನಿ ಸೇರುವುದಿಲ್ಲವಂತೆ! ಮೊಬೈಲ್‌ನಲ್ಲಿ ಪುಕ್ಕಟೆಯಾಗಿ ಸಿಗುವ ಒಂದು ಆ್ಯಪ್ ಸಾಕು, ಸ್ಟುಡಿಯೋ ಬೇಡ, ಕಂಪೆನಿ ಬೇಡ. ಇದಕ್ಕೆ ಅವರು 'ಅಂಡರ್‌ಗ್ರೌಂಡ್' ಎನ್ನುತ್ತಾರೆ. ಭಾಭಿ ಆ ಶಬ್ದ ಕೇಳಿಯೇ ಬೆಚ್ಚಿಬಿದ್ದರು. ಭೂಗತ ಲೋಕಕ್ಕೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ಕಂಪೆನಿ, ಸಿನಿಮಾ, ಜಾಹೀರಾತುಗಳ ಹಂಗಿಲ್ಲದೆ ತಾವೇ ಬರೆದು ತಾವೇ ಹೊರತರುವ ಹಾಡು ಎಂದಷ್ಟೇ ಅದರ ಅರ್ಥ.

ಸಹೋದರಿಯರೇ, ರ‍್ಯಾಪ್ ಎಂದರೆ ನಮಗೆ ನೆನಪಾಗುವುದು ಮದುವೆ ಮೆರವಣಿಗೆಯಲ್ಲಿ ಕಿವಿ ಕಿವುಡಾಗುವಂತೆ ಹಾಕುವ, ಹೆಣ್ಣು ಮತ್ತು ಮದ್ಯದ ಬಗ್ಗೆ ಬೊಬ್ಬಿಡುವ ಹಾಡುಗಳು. ಅಂತಹವು ಇವೆ, ಬೇಕಾದಷ್ಟಿವೆ. ಆದರೆ ಇದು ಹುಟ್ಟಿದ್ದು ಅದಕ್ಕಾಗಿ ಅಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲು ತಾವಿದ್ದ ಕಟ್ಟಡದಲ್ಲೇ ಒಂದು ಕೂಟ ಏರ್ಪಡಿಸಿದಳು. ಅಲ್ಲಿ ಹಾಡಿನ ತಟ್ಟೆಗಳನ್ನು ತಿರುಗಿಸಿದವನು ಆಕೆಯ ಅಣ್ಣ ಕೂಲ್ ಹರ್ಕ್. ಹಿಪ್ ಹಾಪ್‌ನ ಚರಿತ್ರೆ ಬರೆಯುವವರು ಅದನ್ನೇ ಮೊದಲ ದಿನವೆಂದು ಎಣಿಸುತ್ತಾರೆ. ಮಕ್ಕಳ ಬಟ್ಟೆಯ ಖರ್ಚಿನಿಂದ ಶುರುವಾದ ಕಥೆ ಎಂದರೆ ನಮಗೇನೂ ಅಪರಿಚಿತವಲ್ಲ ತಾನೇ?

ನನ್ನ ಸೋದರಳಿಯ ಇಷ್ಟಪಟ್ಟು ತೋರಿಸಿದ್ದು ಒಂದು ಹಳೆಯ ಆಲ್ಬಮ್. 1999ರ ಅಕ್ಟೋಬರ್ 12ರಂದು ಬಂದ 'ಬ್ಲ್ಯಾಕ್ ಆನ್ ಬೋತ್ ಸೈಡ್ಸ್'. ಮಾಡಿದವರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮೋಸ್ ಡೆಫ್. ಈಗ ಅವರ ಹೆಸರು ಯಾಸೀನ್ ಬೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಶಹಾದತ್ ಹೇಳಿದವರು. ಅದಕ್ಕೂ ಹಿಂದಿನ ವರ್ಷ, 1998ರಲ್ಲಿ, ಗೆಳೆಯ ತಾಲಿಬ್ ಕ್ವೇಲಿಯೊಂದಿಗೆ 'ಬ್ಲ್ಯಾಕ್ ಸ್ಟಾರ್' ಎಂಬ ಆಲ್ಬಮ್ ಮಾಡಿದ್ದರು. ಇದು ಒಬ್ಬರೇ ನಿಂತು ಮಾಡಿದ ಮೊದಲನೆಯದು. ರಾಕಸ್ ಎಂಬ ಸಣ್ಣ ಕಂಪೆನಿ ಹೊರತಂದಿತು. ಗೆಳೆಯರ ಗುಂಪಿನಲ್ಲಿ ಹಾಡುವಾಗ ತಪ್ಪಿದರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಒಬ್ಬನೇ ಮಾಡುವಾಗ ಪ್ರತಿಯೊಂದು ಮಾತಿಗೂ ತಾನೇ ಹೊಣೆ.

ಆ ಆಲ್ಬಮ್ ಶುರುವಾಗುವುದು ಹೇಗೆ ಗೊತ್ತೇ? ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಎಂದು! ಭಾಭಿ ನಂಬಲಿಲ್ಲ. ಹುಡುಗ ಕೇಳಿಸಿದ. ತಟ್ಟೆಗೆ ಅನ್ನ ಬಡಿಸುತ್ತಿದ್ದ ಅವರ ಕೈ ಒಂದು ಕ್ಷಣ ನಿಂತಿತು.

ಅದರಲ್ಲಿ ನೀರಿನ ಬಗ್ಗೆಯೇ ಒಂದು ಹಾಡಿದೆ, 'ನ್ಯೂ ವರ್ಲ್ಡ್ ವಾಟರ್'. ನೀರನ್ನು ಯಾರು ಪೋಲು ಮಾಡುತ್ತಾರೆ, ಯಾರು ಅದಕ್ಕಾಗಿ ಒದ್ದಾಡುತ್ತಾರೆ ಎಂಬುದೇ ವಿಷಯ. ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. ಆ ನಡುವೆ ಒಂದಿಡೀ ತಲೆಮಾರಿನ ಹೆಂಗಸರು ಕೊಡ ಹೊತ್ತು ಮುದುಕಿಯರಾದರು. ಬ್ರೂಕ್ಲಿನ್‌ನವನ ಹಾಡು ನಮ್ಮ ಹುಡುಗರಿಗೆ ಯಾಕೆ ತಟ್ಟಿತು ಎಂದು ಆಗ ನನಗೆ ಹೊಳೆಯಿತು.

ಇನ್ನೊಂದು ಹಾಡಿನ ಹೆಸರು 'ಉಮಿ ಸೇಸ್'. 'ಉಮಿ' ಎಂದರೆ ಅರಬಿಯ ಉಮ್ಮಿ, ನನ್ನ ತಾಯಿ. ಮನೆಯ ಹಿರಿಯರು ಬದುಕಿನ ಬಗ್ಗೆ ತನಗೆ ಏನು ಹೇಳಿಕೊಟ್ಟರು ಎಂಬುದನ್ನೇ ಅವರು ಅದರಲ್ಲಿ ಹಾಡಾಗಿಸಿದ್ದಾರೆ. 2000ನೇ ಇಸವಿಯಲ್ಲಿ ಈ ಆಲ್ಬಮ್‌ಗೆ ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ 'ಗೋಲ್ಡ್' ಮನ್ನಣೆ ಸಿಕ್ಕಿತು. ಒಂದು ಮಾತು ಹೇಳಲೇಬೇಕು, ಅದರಲ್ಲಿರುವ ಎಲ್ಲ ಹಾಡುಗಳೂ ಮನೆಮಂದಿ ಜೊತೆಗೆ ಕೂತು ಕೇಳುವಂತಹವಲ್ಲ. ಸಂಗೀತದ ಕುರಿತು ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಮನೆಯಲ್ಲಿ ಒಪ್ಪದಿದ್ದರೆ ಆ ನಿಲುವಿಗೆ ಗೌರವವಿದೆ. ನಾನು ಮಾತಾಡುತ್ತಿರುವುದು ಮಗ ಬರೆಯುವ ಮಾತಿನ ಬಗ್ಗೆ.

ಅಷ್ಟು ದೂರ ಯಾಕೆ ಹೋಗಬೇಕು? ಮುಂಬೈಯ ಕುರ್ಲಾದ ನೇಝಿ, ತಂದೆ ಕೊಡಿಸಿದ್ದ ಐಪ್ಯಾಡ್‌ನಲ್ಲೇ ಹಾಡು ಮುದ್ರಿಸಿ, ಚಿತ್ರೀಕರಿಸಿ 2014ರಲ್ಲಿ 'ಆಫತ್' ಹೊರತಂದ. ಅವನ ಮೊದಲ ಆಲ್ಬಮ್ ಬಂದದ್ದು 2020ರಲ್ಲಿ, ಹೆಸರು 'ಮಗ್ರೇಬ್'. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮಾಲಿನ್ಯದ ವಿರುದ್ಧ ಚೆನ್ನೈಯ ಸೋಫಿಯಾ ಅಶ್ರಫ್ 2015ರಲ್ಲಿ ಹಾಡಿದ ರ‍್ಯಾಪ್ ಲಕ್ಷಾಂತರ ಜನರನ್ನು ತಲುಪಿತು. ವರ್ಷಗಳಿಂದ ಹೋರಾಡುತ್ತಿದ್ದ 591 ಮಾಜಿ ಕಾರ್ಮಿಕರೊಂದಿಗೆ ಕಂಪೆನಿ 2016ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ನಮ್ಮ ಬೆಂಗಳೂರಿನ ನೀಲಸಂದ್ರದಿಂದ ಬಂದ ಪಾಶಾ ಭಾಯ್ ಹಾಡುವುದು ಅಚ್ಚ ದಖನಿಯಲ್ಲಿ. ಅವನ ಒಂದು ಹಾಡಿನ ಹೆಸರು 'ಕುಂಭಕರ್ಣ'. ಮುಸ್ಲಿಮ್ ಮೊಹಲ್ಲಾದ ಹುಡುಗನ ಬಾಯಲ್ಲಿ ರಾಮಾಯಣದ ಹೆಸರು ಅಷ್ಟು ಸಲೀಸಾಗಿ ಬರುವುದು ಈ ಮಣ್ಣಿನಲ್ಲಿ ಮಾತ್ರ.

ದಖನಿ ಎಂದರೆ ನಾವೇ ನಾಚಿಕೊಳ್ಳುತ್ತೇವಲ್ಲ? ಹಿಂದಿ ಸಿನಿಮಾಗಳು ಅದನ್ನು ನಗಿಸುವ ಪಾತ್ರಗಳ ಬಾಯಿಗಷ್ಟೇ ಹಾಕಿದವು. ಮದುವೆ ಮಾತುಕತೆಗೆ ದೂರದವರು ಬಂದರೆ 'ಹೌ', 'ನಕ್ಕೋ', 'ಕೈಕು'ಗಳನ್ನೆಲ್ಲ ನುಂಗಿಕೊಂಡು ಟಿವಿಯ ಹಿಂದಿ ಮಾತಾಡಲು ಹೆಣಗುತ್ತೇವೆ. ಆದರೆ ಈ ಭಾಷೆಗೆ ಶತಮಾನಗಳ ಸಾಹಿತ್ಯವಿದೆ. ಅದರಲ್ಲಿ ಒಂದು ಪಾಲು ಹೆಂಗಸರ ಬಾಯಲ್ಲೇ ಉಳಿದದ್ದು. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ ತಮ್ಮ ಕೃತಿಯಲ್ಲಿ 'ಚಕ್ಕಿನಾಮಾ', 'ಚರ್ಖಾನಾಮಾ'ಗಳ ಬಗ್ಗೆ ಬರೆದಿದ್ದಾರೆ. ಚಕ್ಕಿ ಎಂದರೆ ಬೀಸುವ ಕಲ್ಲು, ಚರ್ಖಾ ಎಂದರೆ ನೂಲುವ ರಾಟೆ. ಹೆಂಗಸರು ಜೋಳ ಬೀಸುತ್ತಾ, ನೂಲುತ್ತಾ ಹಾಡಲೆಂದು ಸೂಫಿಗಳು ದಖನಿಯಲ್ಲಿ ಕಟ್ಟಿದ ಪದಗಳವು. ಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿದ ಪದವೂ ಇದೆ. ತಾಳ ಹಾಕಲು ಬೇರೆ ವಾದ್ಯವಿರಲಿಲ್ಲ, ಕಲ್ಲು ತಿರುಗುವ ಗರಗರ ಸದ್ದೇ ತಾಳ. ಓದಲು ಬಾರದ ಅಜ್ಜಿಯರು ದೀನಿನ ಮಾತನ್ನು ಹೀಗೆ ಕಂಠಪಾಠ ಮಾಡಿಕೊಂಡರು.

ನನ್ನ ಅಮ್ಮಿಯೂ ರಾಗಿ ಬೀಸುವಾಗ ಏನೋ ಗುನುಗುತ್ತಿದ್ದರು. ಏನೆಂದು ನಾನು ಒಂದು ದಿನವೂ ಕೇಳಲಿಲ್ಲ. ಮಿಕ್ಸಿ, ಗಿರಣಿ ಬಂದ ಮೇಲೆ ಅದೂ ನಿಂತಿತು. ಅದರದೊಂದು ತುಣುಕು ಮೊಮ್ಮಗನ ನೋಟ್‌ಬುಕ್‌ನಲ್ಲಿ ಸಿಗಬಹುದೆಂದು ನಾನೆಣಿಸಿರಲಿಲ್ಲ.

ಹಾಗೆಂದು ಹುಡುಗನ ಬೆನ್ನು ತಟ್ಟಿ ಸುಮ್ಮನೆ ಬಂದೆನೆಂದು ತಿಳಿಯಬೇಡಿ. ಪರೀಕ್ಷೆ ಮುಗಿಯುವವರೆಗೆ ರಾತ್ರಿ ಹತ್ತಕ್ಕೆ ಮೊಬೈಲ್ ತಾಯಿಯ ಕೈಯಲ್ಲಿರಬೇಕು ಎಂದೆ, ಮುಖ ಸಪ್ಪೆ ಮಾಡಿ ಒಪ್ಪಿದ. ಹಣ ಕೊಟ್ಟರೆ ಹಾಡನ್ನು ವೈರಲ್ ಮಾಡಿಕೊಡುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬಾರದು, ಇನ್ನೊಬ್ಬರ ಸಂಗೀತವನ್ನು ಕದ್ದು ಬಳಸಬಾರದು ಎಂದೆ. ಎರಡು ಕಡೆ ಬೈಗುಳದ ಪದಗಳಿದ್ದವು. "ಇದನ್ನು ದಾದಿಯ ಮುಂದೆ ಓದುತ್ತಿದ್ದೆಯಾ?" ಎಂದು ಕೇಳಿದೆ. ತಾನಾಗಿಯೇ ಹೊಡೆದುಹಾಕಿದ.

ಹೊರಡುವ ಮೊದಲು ಭಾಭಿಯನ್ನು ಎದುರಿಗೆ ಕೂರಿಸಿ ನೀರಿನ ಹಾಡನ್ನು ಓದು ಎಂದೆ. ನಾಚಿಕೆಯಿಂದ ಶುರುಮಾಡಿದವನು ನಾಲ್ಕನೇ ಸಾಲಿಗೆ ಬರುವಾಗ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದ. ಭಾಭಿ ಸೆರಗಿನ ತುದಿ ಹಿಡಿದುಕೊಂಡು ಕೇಳಿದರು. ಒಂದು ಕಡೆ ಅವನು 'ನಹೀಂ ಚಾಹಿಯೇ' ಎಂದು ಓದಿದ. ಅವರು ತಟ್ಟನೆ ಕೈಯೆತ್ತಿ ನಿಲ್ಲಿಸಿದರು.

"ನಮ್ಮ ಮನೆಯಲ್ಲಿ ಯಾರೋ ಹಾಗನ್ನುವವರು? 'ನಕ್ಕೋ' ಅಂತ ಬರಿ."

ಹುಡುಗ ಪೆನ್ನು ಹುಡುಕಲು ಒಳಗೆ ಓಡಿದ.