ಬಂಜರು ಗುಡ್ಡದ ಪುಟ್ಟ ಬೇಟೆಗಾರರು

ಹುಲಿ ನೋಡಬೇಕೆಂದು ಬಂಡೀಪುರ, ನಾಗರಹೊಳೆಗೆ ಹೋಗಿ, ಗಂಟೆಗಟ್ಟಲೆ ಜೀಪಿನಲ್ಲಿ ಸುತ್ತಿ, ಜಿಂಕೆ ಮಾತ್ರ ಕಂಡು ವಾಪಸಾಗುವವರೇ ಹೆಚ್ಚು. ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲಿನ ಪದವಿನ ಮೇಲೆ ಮಂಡಿಯೂರಿ ಕುಳಿತು ನೋಡಿ. ಬೇಟೆ ಕಣ್ಣೆದುರೇ ನಡೆಯುತ್ತಿರುತ್ತದೆ. ಪದವು ಎಂದರೆ ನಮ್ಮ ತುಳುನಾಡಿನಲ್ಲಿ ಗುಡ್ಡದ ತಲೆಯ ಮೇಲಿನ ಬಯಲು. ಇಲ್ಲಿ ಟಿಕೆಟ್ ಇಲ್ಲ, ಜೀಪೂ ಬೇಡ. ಬೇಟೆಗಾರರು ಮಾತ್ರ ಬೆರಳುದ್ದದ ಗಿಡಗಳು!

ಕೀಟಾಹಾರಿ ಸಸ್ಯ ಎಂದ ಕೂಡಲೇ ನೆನಪಾಗುವುದು ಶಾಲೆಯ ಪುಸ್ತಕದಲ್ಲಿದ್ದ ಹೂಜಿಗಿಡದ ಚಿತ್ರ. ಅದನ್ನು ಸಹಜ ನೆಲೆಯಲ್ಲಿ ನೋಡಬೇಕಾದರೆ ಮೇಘಾಲಯದ ಬೆಟ್ಟಗಳಿಗೆ ಹೋಗಬೇಕು. ಕಾರ್ಟೂನುಗಳಲ್ಲಿ ಗಬಕ್ಕನೆ ಬಾಯಿ ಮುಚ್ಚುವ ವೀನಸ್ ಫ್ಲೈಟ್ರ್ಯಾಪ್ ಅಮೆರಿಕದ ಕರೊಲಿನಾ ಸೀಮೆಯದು. ಹಾಗಾಗಿ ಇವೆಲ್ಲ ದೂರದ ವಿಸ್ಮಯಗಳು ಎಂದುಕೊಂಡುಬಿಡುತ್ತೇವೆ. ಆದರೆ ಡ್ರಾಸೆರಾ ಮತ್ತು ಯುಟ್ರಿಕ್ಯುಲೇರಿಯಾ ಎಂಬ ಎರಡು ಕುಲದ ಕೀಟಾಹಾರಿಗಳು ನಮ್ಮ ಪಕ್ಕದ ಗುಡ್ಡದಲ್ಲೇ ಇವೆ.

ಡ್ರಾಸೆರಾ ನೆಲಕ್ಕಂಟಿಕೊಂಡ ಕೆಂಪು ನಾಣ್ಯದಂತೆ ಕಾಣುತ್ತದೆ. ಇದರ ಇನ್ನೊಂದು ಜಾತಿ ಸಪೂರ ಎಲೆಗಳೊಂದಿಗೆ ನೆಟ್ಟಗೆ ನಿಲ್ಲುತ್ತದೆ. ಎಲೆಯ ತುಂಬ ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಇಬ್ಬನಿಯಂತೆ ಹೊಳೆಯುವ ಹನಿ. ಅದು ನೀರಲ್ಲ, ಅಂಟು. ಕೂತ ಸೊಳ್ಳೆ, ಇರುವೆ ಅಲ್ಲೇ ಸಿಕ್ಕಿಬೀಳುತ್ತದೆ. ಸುತ್ತಲಿನ ಕೂದಲುಗಳು ಅದರತ್ತ ಬಾಗುತ್ತವೆ, ಜೀರ್ಣರಸ ಸ್ರವಿಸುತ್ತದೆ. ಚಾರ್ಲ್ಸ್ ಡಾರ್ವಿನ್ ಇದೇ ಕುಲದ ಗಿಡದ ಎಲೆಯ ಮೇಲೆ ಮಾಂಸದ ಚೂರು, ಮೊಟ್ಟೆಯ ಬಿಳಿ, ಗಾಜಿನ ಚೂರು ಎಲ್ಲವನ್ನೂ ಇಟ್ಟು ಪರೀಕ್ಷಿಸಿ, 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆಯೇ ಒಂದು ಪುಸ್ತಕ ಬರೆದ.

ಯುಟ್ರಿಕ್ಯುಲೇರಿಯಾ ಇನ್ನೂ ಚಾಲಾಕಿ. ಮೇಲೆ ನೋಡಿದರೆ ನೇರಳೆ ಅಥವಾ ಹಳದಿ ಬಣ್ಣದ ಪಾಪದ ಹೂವು. ಬಲೆ ಇರುವುದು ಒದ್ದೆ ಮಣ್ಣಿನೊಳಗೆ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಚೀಲಗಳ ರೂಪದಲ್ಲಿ. ಗಿಡ ಚೀಲದೊಳಗಿನ ನೀರನ್ನು ಹೊರಹಾಕುತ್ತದೆ. ಆಗ ಚೀಲ, ಒತ್ತಿ ಹಿಡಿದ ಇಂಕ್ ಫಿಲ್ಲರಿನಂತೆ ಕುಗ್ಗಿ ಕಾಯುತ್ತಿರುತ್ತದೆ. ಸೂಕ್ಷ್ಮಜೀವಿಯೊಂದು ಬಾಗಿಲ ಬಳಿಯ ರೋಮ ಮುಟ್ಟಿದರೆ ಸಾಕು, ಬಾಗಿಲು ತೆರೆದು ನೀರಿನ ಸಮೇತ ಅದು ಒಳಗೆ! ಇಷ್ಟಕ್ಕೂ ಹಿಡಿಯುವ ಸಮಯ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಮೋಟಾರು, ಬ್ಯಾಟರಿ ಯಾವುದೂ ಇಲ್ಲದೆ ಇಂಥ ಪಂಪ್ ಮಾಡಲು ನಮ್ಮ ಯಾವ ಲ್ಯಾಬಿಗೂ ಸುಲಭವಿಲ್ಲ.

ಇವು ಹುಳ ತಿನ್ನುವುದೇಕೆ? ಶತಮಾನಗಳ ಮಳೆ ಮುರಕಲ್ಲಿನ ನೆಲದಿಂದ ಪೋಷಕಾಂಶಗಳನ್ನೆಲ್ಲ ತೊಳೆದುಬಿಟ್ಟಿದೆ. ಉಳಿದಿರುವುದು ಬಹುಪಾಲು ಕಬ್ಬಿಣ, ಅಲ್ಯುಮಿನಿಯಂ ಅಂಶ. ಬಿಸಿಲಿನಿಂದ ಆಹಾರ ತಯಾರಿಸಲು ಈ ಗಿಡಗಳಿಗೆ ಬರುತ್ತದೆ. ಆದರೆ ಸಾರಜನಕ, ರಂಜಕ ಎಲ್ಲಿಂದ? ಹುಳಗಳಿಂದ! ಬೇರೆ ಗಿಡಗಳಿಗೆ ಬದುಕಲಾಗದ ಬಡ ನೆಲವೇ ಇವುಗಳ ಅರಮನೆ. ಗೊಬ್ಬರ ಬಿದ್ದರೆ ಹುಲ್ಲು, ಕಳೆ ಎತ್ತರಕ್ಕೆ ಬೆಳೆದು ಇವುಗಳ ಬಿಸಿಲು ಕಸಿಯುತ್ತವೆ. ಮಣ್ಣು 'ಸುಧಾರಿಸಿದರೆ' ಇವು ಸಾಯುತ್ತವೆ.

ಸಮಸ್ಯೆ ಇರುವುದೂ ಇಲ್ಲೇ. ಬೇಸಿಗೆಯಲ್ಲಿ ಪದವನ್ನು ನೋಡಿದವರಿಗೆ ಅದು ಬರೀ ಕಾದ ಕಲ್ಲು. ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ನಮ್ಮ ಕಣ್ಣಿಗೆ ಇಂಥ ಜಾಗ ಸಮತಟ್ಟು, ಗಟ್ಟಿ ತಳ, ಮರ ಕಡಿಯುವ ತಾಪತ್ರಯವಿಲ್ಲ. ಕಟ್ಟಡಕ್ಕೆ ಹೇಳಿ ಮಾಡಿಸಿದ ಸೈಟು! ಕಲ್ಲು ಕೊರೆಯುವವರಿಗೆ ಕೋರೆ, ಊರಿನವರಿಗೆ ಕಸ ಸುರಿಯುವ ಜಾಗ. ಕಾಗದದ ಮೇಲೆ 'ಬಂಜರು' ಎಂದಿದ್ದರೆ ಯಾರೂ ತಕರಾರು ಎತ್ತುವುದಿಲ್ಲ. ಆದರೆ ಬೇಸಿಗೆಯಲ್ಲೂ ಆ ಕಲ್ಲಿನ ಸಂದಿಯ ತೆಳು ಮಣ್ಣಿನಲ್ಲಿ ಬೀಜಗಳು ಮುಂದಿನ ಮಳೆಗೆ ಕಾಯುತ್ತಿರುತ್ತವೆ. ಜೆಸಿಬಿ ಮೊದಲು ಕೆರೆದು ಹಾಕುವುದು ಆ ಮಣ್ಣನ್ನೇ.

ಇನ್ನೊಂದು ಅಪಾಯ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಜುಲೈ ಬಂತೆಂದರೆ ಕಾಲೇಜುಗಳಲ್ಲಿ ವನಮಹೋತ್ಸವ. ಖಾಲಿ ಜಾಗ ಹುಡುಕುವವರಿಗೆ ಮೊದಲು ಕಾಣುವುದು ಪದವು. ಗುಂಡಿ ತೋಡಿ, ಗೊಬ್ಬರ ಹಾಕಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಕರಾವಳಿಯ ಎಷ್ಟೋ ಬೋಳುಗುಡ್ಡಗಳು ಅಕೇಶಿಯಾ ತೋಪುಗಳಾದದ್ದು ಹೀಗೆಯೇ. ಆ ನೆರಳಿನಲ್ಲಿ, ತರಗೆಲೆಯ ರಾಶಿಯಡಿ ಡ್ರಾಸೆರಾ ಉಳಿಯದು. ಗಿಡ ನೆಡುವುದು ತಪ್ಪಲ್ಲ. ಮರವಿಲ್ಲದ ಜಾಗವೆಲ್ಲ ಹಾಳಾದ ಕಾಡು ಎಂದುಕೊಳ್ಳುವುದು ತಪ್ಪು. ರಸ್ತೆಬದಿ, ಕ್ಯಾಂಪಸ್, ಕಡಿದ ಕಾಡು ಇರುವಾಗ ಪದವಿನ ಮೇಲೆಯೇ ಯಾಕೆ ನೆಡಬೇಕು?

ಬೆರಳುದ್ದದ ಗಿಡಕ್ಕೋಸ್ಕರ ಇಷ್ಟೆಲ್ಲ ಬೇಕೇ ಎನ್ನುವವರಿಗೆ ಇನ್ನೊಂದು ಮಾತು. ತೂತು ತೂತಾದ ಮುರಕಲ್ಲು ಮಳೆನೀರನ್ನು ಹೀರಿ ನಿಧಾನಕ್ಕೆ ಕೆಳಗಿಳಿಸುತ್ತದೆ. ಬಂಟ್ವಾಳ ತಾಲ್ಲೂಕಿನ ಮಾಣಿಲ, ಪಕ್ಕದ ಕಾಸರಗೋಡಿನ ಸುರಂಗಗಳಲ್ಲಿ ಬೇಸಿಗೆಯಲ್ಲೂ ತೊಟ್ಟಿಕ್ಕುವುದು ಇಂಥ ಗುಡ್ಡದ ನೀರೇ. ಮೇಲೆ ಕಾಂಕ್ರೀಟ್ ಹಾಕಿದರೆ ಕೆಳಗಿನ ತೋಟದ ಬಾವಿಗೆ ನೀರೆಲ್ಲಿಂದ?

ಉಳಿಸಿಕೊಂಡ ಉದಾಹರಣೆಗಳೂ ಇವೆ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ಹೂವಿನ ಕಾಲದಲ್ಲಿ ದಿನಕ್ಕೆ ಇಂತಿಷ್ಟೇ ಜನರಿಗೆ ಪ್ರವೇಶ. ಅಲ್ಲಿನ ಯುಟ್ರಿಕ್ಯುಲೇರಿಯಾವನ್ನು ಮರಾಠಿಗರು 'ಸೀತೆಯ ಕಣ್ಣೀರು' ಎನ್ನುತ್ತಾರೆ. ನಮ್ಮಲ್ಲೂ ದಾರಿಯಿದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯ, ಪ್ರಾಣಿಗಳ ದಾಖಲಾತಿ ಮಾಡಬೇಕು. ಅದೇ ಕಾಯ್ದೆಯಡಿ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಪಾರಂಪರಿಕ ತಾಣವಾಯಿತು. ನಿಮ್ಮೂರಿನ ಪದವಿನಲ್ಲಿ ಏನೇನಿದೆ ಎಂದು ಫೋಟೊ, ದಿನಾಂಕದ ಸಮೇತ ಆ ದಾಖಲಾತಿಗೆ ಸೇರಿಸಲು ಡಿಗ್ರಿ ಬೇಕಿಲ್ಲ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೋಡಲು ಒಳ್ಳೆಯ ಕಾಲ. ಹೋದರೆ ಇಷ್ಟು ನೆನಪಿರಲಿ:

* ಒದ್ದೆ ಮಣ್ಣು ತುಳಿಯಬೇಡಿ, ಕಲ್ಲಿನ ಮೇಲೆಯೇ ಹೆಜ್ಜೆಯಿಡಿ. ಬೈಕ್ ರಸ್ತೆಯಲ್ಲೇ ಇರಲಿ.
* ಭೂತಗನ್ನಡಿ ಅಥವಾ ಮೊಬೈಲಿನ ಮ್ಯಾಕ್ರೊ ಲೆನ್ಸ್ ಸಾಕು. ಎಲೆ ಮುಟ್ಟಬೇಡಿ.
* ಕಿತ್ತು ತಂದು ಕುಂಡದಲ್ಲಿ ನೆಡಬೇಡಿ. ಬಡ ಮಣ್ಣಿಗೆ ಒಗ್ಗಿದ ಗಿಡ ಕುಂಡದ ಗೊಬ್ಬರದಲ್ಲಿ ಬದುಕುವುದಿಲ್ಲ.
* ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಫೋಟೊ ಹಾಕುವಾಗ ನಿಖರ ಜಾಗ ಮರೆಮಾಡುವ ಆಯ್ಕೆ ಬಳಸಿ.
* ನೀರು ತುಂಬಿದ ಹಳೆ ಕೋರೆಗಳ ಅಂಚಿಗೆ ಹೋಗಬೇಡಿ.

ನಾಳೆ ನಮ್ಮಲ್ಲೇ ಕೆಲವರು ಎಂಜಿನಿಯರ್, ಸರ್ವೇಯರ್, ಪಿಡಿಒ ಆಗುತ್ತೇವೆ. ಯಾವುದೋ ಪದವಿನ ಕಡತ ನಮ್ಮ ಮೇಜಿಗೂ ಬರುತ್ತದೆ. ಸಹಿ ಹಾಕುವ ಮೊದಲು ಆ ಜಾಗವನ್ನು ಒಮ್ಮೆ ಮಳೆಗಾಲದಲ್ಲಿ ನೋಡಿ ಬರುವ ಅಭ್ಯಾಸವಿದ್ದರೆ, ಕೆಲವು ಗುಡ್ಡಗಳಾದರೂ ಉಳಿದಾವು.